ಬಾಟ್ಲಿ ಕಂಪನಿಯ ಮಳೆಗಾಲ

ನಾನು ಶಾಲೆ ಬಿಟ್ಟದ್ದು 1937ರಲ್ಲಿ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಹತ್ತಿರ ಬಂದಾಗ. ದಡ್ಡನೆಂದು ಬಿಟ್ಟದ್ದಲ್ಲ. ಲೆಕ್ಕದಲ್ಲಿ ಹೊನ್ನಾವರದ ನಮ್ಮ ಶಾಲೆಗೆ ನಾನೇ ಮುಂದಿದ್ದೆ. ನನ್ನ ಜೊತೆ ಕಲಿತವರು ಇನ್ನೂ ಒಬ್ಬಿಬ್ಬರು ಬದುಕಿದ್ದಾರೆ, ಬೇಕಾದವರು ಕೇಳಬಹುದು. ಅಪ್ಪ ತೀರಿಕೊಂಡ, ಮನೆಯಲ್ಲಿ ಅವ್ವಿಯೂ ಇಬ್ಬರು ತಂಗಿಯರೂ ಇದ್ದರು, ಯಾರಾದರೂ ದುಡಿಯಬೇಕಿತ್ತು. ಪುಸ್ತಕ ಇಟ್ಟು ಹುಟ್ಟು ಹಿಡಿದೆ. ಅದಕ್ಕಾಗಿ ಆಗಲೂ ಅಳಲಿಲ್ಲ, ಈಗಲೂ ಅಳುವುದಿಲ್ಲ.

ಮೊನ್ನೆ ಆಷಾಢದ ಮಳೆಗೆ ನಮ್ಮ ಮನೆಯ ಪೇಪರು ತೊಯ್ದು ತೊಪ್ಪೆಯಾಗಿ ಬಂತು. ಸೊಸೆ ಅದನ್ನು ಒಲೆಯ ಮೇಲಿನ ತಂತಿಗೆ ನೇತುಹಾಕಿದಳು. ಸ್ವಲ್ಪ ಹೊತ್ತಿಗೆ ಹಸಿ ಕಾಗದ, ಮಸಿ, ತೆಂಗಿನ ಸೋಗೆಯ ಹೊಗೆ ಮೂರೂ ಸೇರಿದ ವಾಸನೆ ಮನೆ ತುಂಬಿತು. ನಾನು ಜಗಲಿಯಲ್ಲಿ ಕುಳಿತವನು ಎದ್ದು ಒಳಗೆ ಹೋಗಿ ಒಲೆಯ ಮುಂದೆ ನಿಂತುಬಿಟ್ಟೆ. "ಎಂತ ಬೇಕಿತ್ತು ಮಾವ, ಚಾ ಮಾಡೂದಾ?" ಎಂದು ಅವಳು ಕೇಳಿದಳು. ಏನು ಹೇಳುವುದು ಅವಳಿಗೆ? ಸ್ವಾತಂತ್ರ್ಯ ಬಂದ ಮರುವರ್ಷದ ಮಳೆಗಾಲ ಇಡಿಯಾಗಿ ನಮ್ಮ ಅಡುಗೆ ಮನೆಗೆ ಬಂದು ನಿಂತಿತ್ತು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಕುಮಟೆಯಿಂದ ಬಂದ ಬಸ್ಸು ಹೊನ್ನಾವರದ ಬಂದರದಲ್ಲಿ ನಿಲ್ಲಬೇಕು, ಜನ ಗಂಟುಮೂಟೆ ಹೊತ್ತು ದೋಣಿ ಹತ್ತಬೇಕು, ಆಚೆ ದಡದ ಕಾಸರಕೋಡಿನಲ್ಲಿ ಇಳಿದು ಭಟ್ಕಳದ ಬಸ್ಸು ಹಿಡಿಯಬೇಕು. ನಾನು ಕಡವಿನ ಗುತ್ತಿಗೆದಾರರ ದೋಣಿಯಲ್ಲಿ ಕೂಲಿಯವನು. ಅಪ್ಪನಿಗೆ ಮಾತ್ರ ಸ್ವಂತ ದೋಣಿ ಇತ್ತು. ಬಂದರದಲ್ಲೇ ಒಳ್ಳೆಯ ದೋಣಿ ಎಂದು ಹೆಸರಾಗಿತ್ತು. ಅದನ್ನು ಅವನು ಸಾರಾಯಿ ಅಂಗಡಿಗೆ ಕುಡಿದು ಹಾಕಿದ. ಒಂದು ಸಂಜೆ ಅಂಗಡಿಯವನು ಬರೆಸಿ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಮರುದಿನದಿಂದ ದೋಣಿ ನಮ್ಮದಲ್ಲ. ಅದರ ನಂತರ ಅವನು ಹೆಚ್ಚು ದಿನ ಬದುಕಲಿಲ್ಲ.

ಸ್ವಂತ ದೋಣಿ ಮಾಡಬೇಕೆಂಬುದು ನನಗಿದ್ದ ಒಂದೇ ಹಟ. ಅದನ್ನು ಅವ್ವಿಗೆ ಬಿಟ್ಟರೆ ಬೇರೆ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿ ಆಗದೆ ಹೋದರೆ ಬಂದರದಲ್ಲಿ ನಗುವವರು ಕಡಿಮೆಯೇ?

ಯುದ್ಧದ ಕಾಲದಲ್ಲಿ ಮರ, ಕಟ್ಟಿಗೆ, ಅಕ್ಕಿ ಮೂಟೆ ಎಂದು ಕೈತುಂಬ ಕೆಲಸ ಇತ್ತು. ನಾನು ಹಗಲು ಹುಟ್ಟು ಹಾಕಿ ಉಳಿದ ಹೊತ್ತಿನಲ್ಲಿ ಮೂಟೆ ಹೊತ್ತೆ. ಒಂದಿಷ್ಟು ದುಡ್ಡು ಕೂಡಿತು. ಅದು ಪೈರ ಕಣ್ಣಿಗೆ ಬಿತ್ತು. ಪೈರೆಂದರೆ ಕುಮಟೆಯಲ್ಲಿ ತೆಂಗಿನಕಾಯಿ, ಎಣ್ಣೆ, ಹುರಿಹಗ್ಗದ ವ್ಯಾಪಾರ ಮಾಡುತ್ತಿದ್ದವರು. ನಸ್ಯ ಏರಿಸುತ್ತ, ಮಾತಾಡುತ್ತ, ಸೀನುತ್ತ ಇರುವ ಮನುಷ್ಯ. ಅವರ ಸೋದರಳಿಯ ಪುಂಡಲೀಕ ಮುಂಬೈಯಲ್ಲಿ ಒಂದು ಕಂಪನಿಯ ಗುಮಾಸ್ತ. ಕಂಪನಿಗೆ ಉದ್ದದ ಇಂಗ್ಲಿಷ್ ಹೆಸರು, ನಮ್ಮ ನಾಲಿಗೆಗೆ ಹೊರಳುವಂಥದ್ದಲ್ಲ. ಮುಂಬೈಯ ಹಲವು ಕಡೆ ಅಂಗಡಿ ಇಟ್ಟು ವಿಲಾಯತಿ ಮದ್ಯ, ಬಿಯರು, ಸೋಡಾ ಮಾರುತ್ತಿತ್ತು. ನಾವು ಬಾಟ್ಲಿ ಕಂಪನಿ ಎಂದೆವು. ಯುದ್ಧವೆಂದು ಮುಂಬೈ ತುಂಬ ಸೋಜರು, ಎಂದರೆ ಬಿಳಿ ಸಿಪಾಯಿಗಳು, ಅವರಿಗೆ ದಿನವೂ ಬಾಯಾರಿಕೆ. ಕಂಪನಿ ಹೊಸ ಷೇರು ಹೊರಡಿಸಿತು, ಒಂದಕ್ಕೆ ಹತ್ತು ರೂಪಾಯಿ.

"ಷೇರು ಅಂದ್ರೆ ಎಂತ ಪೈರೇ?" ಎಂದು ಕೇಳಿದೆ.

"ಅಂಗಡಿಯ ಗೋಡೆಯಲ್ಲಿ ಒಂದು ಕಲ್ಲು ನಿಂದು ಅಂತ ತಿಳ್ಕೊ. ಅಂಗಡಿ ನಡೆದ್ರೆ ನಿನ್ನ ಕಲ್ಲಿಗೂ ಬೆಲೆ."

"ಅಂಗಡಿ ಬಿದ್ರೆ?"

"ನಿನ್ನ ಕಲ್ಲು ನಿನ್ನ ಕಾಲ ಮೇಲೆ. ಮತ್ತೆಂತ?"

ಇಷ್ಟು ನೇರವಾಗಿ ಹೇಳಿದ ವ್ಯಾಪಾರಿಯನ್ನು ನಾನು ಅವರಿಗಿಂತ ಮುಂಚೆ ನೋಡಿರಲಿಲ್ಲ. ಅದಕ್ಕೇ ನಂಬಿದೆ. ಆದರೆ ಅವ್ವಿಗೆ ಹೇಗೆ ಹೇಳುವುದು? ಬಾಟ್ಲಿಯಿಂದ ಸಂಸಾರ ಹಾಳಾದವಳಿಗೆ ಬಾಟ್ಲಿಯ ಮೇಲೇ ದುಡ್ಡು ಹಾಕುತ್ತೇನೆ ಎಂದರೆ? ಅವಳು ಬಂಗಡೆ ಹೆರೆಯುತ್ತಿದ್ದಳು. ಕತ್ತಿ ಕೆಳಗಿಟ್ಟು ಕೇಳಿದಳು. ಕೇಳಿ, ಮತ್ತೆ ಕತ್ತಿ ಎತ್ತಿಕೊಂಡು ಹೇಳಿದಳು: "ಹಾಕು. ಬಾಟ್ಲಿ ನುಂಗಿದ ದೋಣಿನ ಬಾಟ್ಲಿಯೇ ಕಕ್ಕಲಿ."

ಮುಂಬೈಯ ದಲಾಲರು ನೂರಕ್ಕಿಂತ ಕಡಿಮೆ ಷೇರಿಗೆ ಕೈ ಹಾಕುವುದಿಲ್ಲ ಎಂದು ಪುಂಡಲೀಕ ತಿಳಿಸಿದ್ದ. ಪೈರದು ಐವತ್ತು, ನನ್ನದು ಇಪ್ಪತ್ತು. ಉಳಿದ ಮೂವತ್ತು ಪದ್ದಕ್ಕನದು. ಪದ್ದಕ್ಕ ಭಟ್ಕಳದ ಹತ್ತಿರದ ಮುಟ್ಟಳ್ಳಿಯವಳು, ಗಂಡ ಸತ್ತ ಮೇಲೆ ಗದ್ದೆ, ತೆಂಗು ಎಲ್ಲ ತಾನೇ ನೋಡಿಕೊಳ್ಳುತ್ತಿದ್ದವಳು. ಕಾಯಿ ಮೂಟೆ ಹೇರಿಕೊಂಡು ಕುಮಟೆಗೆ ಹೋಗುವಾಗ ನಮ್ಮ ದೋಣಿಯಲ್ಲೇ ದಾಟುತ್ತಿದ್ದಳು; ಮೂಟೆ ಒದ್ದೆಯಾದರೆ ನನಗೆ ಬೈಗುಳ, ಒದ್ದೆಯಾಗದಿದ್ದರೆ ಒಂದು ಕಾಯಿ. ಹೀಗೆ ಮೂರು ಊರಿನ ಮೂವರ ಹೆಸರು ಒಂದೇ ಪತ್ರದಲ್ಲಿ ಸೇರಿತು. ಮಾರಬೇಕಾದರೆ ಮೂವರೂ ಒಪ್ಪಬೇಕು. ಪೈರದು ಇಂಗ್ಲಿಷ್ ಸಹಿ, ನನ್ನದು ಕನ್ನಡ ಸಹಿ, ಪದ್ದಕ್ಕನದು ಹೆಬ್ಬೆಟ್ಟು.

ಆ ವರ್ಷಗಳಲ್ಲಿ ನಾವು ಬೆಲೆ ತಿಳಿದುಕೊಳ್ಳುತ್ತಿದ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಮುಂಬೈಯ ಇಂಗ್ಲಿಷ್ ಪೇಪರು ಹುಬ್ಬಳ್ಳಿಯ ಮೇಲಿಂದ ಘಟ್ಟ ಇಳಿದು ಪೈರಿಗೆ ಬರುತ್ತಿತ್ತು. ಅವರು ಓದಿ ಹೊನ್ನಾವರದ ಬಸ್ಸಿಗೆ ಕೊಡುತ್ತಿದ್ದರು. ಮಳೆಗಾಲದಲ್ಲಿ ಅದು ನನ್ನ ಕೈಗೆ ಬರುವಾಗ ಚಿಂದಿ. ಬಂದರದ ಚಾದಂಗಡಿಯ ಒಲೆಯ ಮೇಲೆ ಒಣಗಿಸುತ್ತಿದ್ದೆ. ಒಣಗಿದ ಮೇಲೆ ಕಂಪನಿಯ ಹೆಸರಿನ ಆಕಾರ ಗುರುತು ಹಿಡಿಯುತ್ತಿದ್ದೆ, ಅದರ ಮುಂದಿನ ಅಂಕಿ ಓದುತ್ತಿದ್ದೆ. ಉಳಿದ ಸುದ್ದಿ ಬೇಕಾದರೆ ಹಸನ್ ಸಾಹೇಬರೇ ಗತಿ.

ಹಸನ್ ಸಾಹೇಬರು ಭಟ್ಕಳದ ಬಟ್ಟೆ ವ್ಯಾಪಾರಿ. ಲುಂಗಿ, ಸೀರೆಯ ಗಂಟು ಹೊತ್ತು ವಾರಕ್ಕೊಮ್ಮೆಯಾದರೂ ಹೊಳೆ ದಾಟುವವರು. ಇಂಗ್ಲಿಷ್ ಬಲ್ಲವರು, ಮದರಾಸು ಮುಂಬೈ ಎಲ್ಲ ಕಂಡವರು. ಮದ್ಯದ ಹೆಸರೂ ಅವರ ಬಾಯಲ್ಲಿ ಬರಬಾರದು. ಆದರೂ ನನ್ನ ಮೇಲಿನ ಪ್ರೀತಿಗೆ ಪೇಪರು ಬಿಡಿಸಿ, ಮೂಗು ಸೊಟ್ಟ ಮಾಡಿ ಓದುತ್ತಿದ್ದರು.

"ನಿಂದು ಅದು ಎಂಟಾಣೆ ಏರಿದೆ ನೋಡು."

"ಅದು ಅಂದ್ರೆ ಯಾವ್ದು ಸಾಹೇಬ್ರೇ?" ಎಂದು ನಾನು ಬೇಕೆಂದೇ ಕೇಳುತ್ತಿದ್ದೆ.

"ತೋಬಾ! ಯಾವುದು ಅಂತ ನಿಂಗೆ ಗೊತ್ತು, ನಂಗೆ ಗೊತ್ತು, ಮೇಲಿದ್ದವ್ನಿಗೂ ಗೊತ್ತು. ದೋಣಿ ಬಿಡು!"

ಪದ್ದಕ್ಕನಿಗೆ ಸುದ್ದಿ ಮುಟ್ಟಿಸಲು ಕಾಸರಕೋಡಿನ ಬಸ್ಸಿನ ಕಂಡಕ್ಟರನ ಕೈಲಿ ವೀಳ್ಯದೆಲೆ ಕಳಿಸುತ್ತಿದ್ದೆ. ಬೆಲೆ ಹದಿನೈದಾದರೆ ಹದಿನೈದು ಎಲೆ. ಒಂದು ಸಲ ಅವಳು ಏದುಸಿರು ಬಿಡುತ್ತ ಬಂದರಕ್ಕೇ ಬಂದಳು. "ಎಂತಾ ಆತು ಗಣಪು, ಕಂಪನಿಗೆ ಬೆಂಕಿ ಬಿತ್ತಾ? ಹನ್ನೊಂದೇ ಎಲೆ ಬಂತು!" ದಾರಿಯಲ್ಲಿ ಕಂಡಕ್ಟರ ನಾಲ್ಕು ಎಲೆ ಹಾಕಿಕೊಂಡು ಜಗಿದಿದ್ದ. ಅಂದಿನಿಂದ ಬಳಚು ಎಂಬ ಚಿಪ್ಪುಮೀನಿನ ಖಾಲಿ ಚಿಪ್ಪು ಕಳಿಸತೊಡಗಿದೆ. ಚಿಪ್ಪನ್ನು ಯಾರೂ ತಿನ್ನುವುದಿಲ್ಲ.

ಯುದ್ಧದಲ್ಲಿ ಹತ್ತೊಂಬತ್ತರವರೆಗೂ ಏರಿತ್ತು. ಇಪ್ಪತ್ತು ಮುಟ್ಟಿದ ದಿನ ಮಾರಿ ಹೊಸ ದೋಣಿಗೆ ಆಚಾರಿಗೆ ಹೇಳುವುದೆಂದು ನನ್ನ ಲೆಕ್ಕ. ಮುಟ್ಟಲಿಲ್ಲ. ಸೋಜರು ಹಡಗು ಹತ್ತಿದರು, ಬೆಲೆ ಮೆಟ್ಟಿಲು ಇಳಿದಂತೆ ಇಳಿಯಿತು. ಆದರೂ ಹದಿಮೂರು ಹದಿನಾಲ್ಕರಲ್ಲಿ ನಿಂತಿತ್ತು, ನಾವೂ ನಿಂತಿದ್ದೆವು.

ಸ್ವಾತಂತ್ರ್ಯದ ಮರುವರ್ಷದ ಆ ಮಳೆಗಾಲ ಶುರುವಿನಿಂದಲೇ ಬಿರುಸು. ಘಟ್ಟದ ಮೇಲೆ ಹೊಡೆದ ಮಳೆಗೆ ಶರಾವತಿ ಕೆಂಪಾಗಿ, ಬುಡಸಹಿತ ಮರಗಳನ್ನು ಹೊತ್ತು ಇಳಿಯಿತು. ಗುತ್ತಿಗೆದಾರರು ಕಡವು ನಿಲ್ಲಿಸಿದರು. ಅಂಥ ಒಂದು ಬೆಳಗ್ಗೆ ಪೈರು ಕುಮಟೆಯಿಂದ ತಾವೇ ಬಂದಿಳಿದರು. ಕೊಡೆ ಗಾಳಿಗೆ ತಲೆಕೆಳಗಾಗಿತ್ತು. ನಸ್ಯ ಏರಿಸಲಿಲ್ಲ, ಅದರಿಂದಲೇ ನನಗೆ ಹೆದರಿಕೆಯಾಯಿತು.

"ಗಣಪಾ, ಸರ್ಕಾರ ಕುಡಿಯೂದು ಬಂದ್ ಮಾಡ್ತದಂತೆ. ಮುಂಬೈಯಲ್ಲೂ. ಪುಂಡಲೀಕ ಹೇಳಿ ಕಳಿಸಿದ್ದಾನೆ, ಈ ವಾರ ಸಹಿ ಮಾಡಿ ಕಳಿಸಿದ್ರೆ ಹನ್ನೆರಡಕ್ಕೆ ತಕ್ಕೊಳ್ಳೋ ಗಿರಾಕಿ ಇದ್ದಾನೆ. ಮುಂದಿನ ವಾರ ಯಾರೂ ಇಲ್ಲ."

ಹನ್ನೆರಡು. ನನ್ನ ಮನಸ್ಸು ಕೂಡಲೇ ಬಂದರದ ಮೂಲೆಗೆ ಹೋಯಿತು. ಅಲ್ಲಿ ಒಂದು ಹಳೆಯ ದೋಣಿ ಮಾರಾಟಕ್ಕೆ ಬೋರಲು ಹಾಕಿತ್ತು. ನಾನು ದಿನವೂ ಯಾರೂ ಇಲ್ಲದಾಗ ಅದರ ಹೊಟ್ಟೆ ತಟ್ಟಿ ಸದ್ದು ಕೇಳಿ ಬರುತ್ತಿದ್ದೆ. ಹನ್ನೆರಡಕ್ಕೆ ಹೋದರೆ ಆ ದೋಣಿ ನನ್ನದು.

ಪೈರು ಸಹಿ ಮಾಡಿದ ಕಾಗದ ಮೇಣಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಾನೂ ಅಲ್ಲೇ ಸಹಿ ಹಾಕಿದೆ. ಹೆಬ್ಬೆಟ್ಟಿಗೆಂದು ಮಸಿಯ ಚಿಕ್ಕ ಡಬ್ಬಿಯನ್ನೂ ಕೊಟ್ಟರು. ನಾನು ಕೇಳಿದೆ, "ಪದ್ದಕ್ಕ ಒಪ್ಪದಿದ್ರೆ?"

ಪೈರು ಹೊಳೆಯ ಕಡೆ ನೋಡಿದರು. "ನಿನ್ನ ಕೈಗೂ ಹೆಬ್ಬೆಟ್ಟು ಇದೆಯಲ್ಲೋ. ಮುಂಬೈಯವ್ರಿಗೆ ಎಲ್ಲ ಹೆಬ್ಬೆಟ್ಟೂ ಒಂದೇ." ಎಂದು ನಕ್ಕರು. ನಾನು ನಗಲಿಲ್ಲ.

ಭರತ ಏರಿ ಸಮುದ್ರದ ನೀರು ಒಳಗೆ ನುಗ್ಗುವಾಗ ಹೊಳೆಯ ಓಟ ಸ್ವಲ್ಪ ಹೊತ್ತು ತಡೆಯುತ್ತದೆ. ಆ ಹೊತ್ತು ಕಾದು ಚಿಕ್ಕ ದೋಣಿಯಲ್ಲಿ ಒಬ್ಬನೇ ಹೊರಟೆ. ನೇರ ದಾಟಲಿಲ್ಲ, ದಡ ಹಿಡಿದು ಮೇಲಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಬಿಟ್ಟೆ. ಆ ದಿನ ಆ ಹೊಳೆ ದಾಟಿದವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಚೆ ದಡದಲ್ಲಿ ಬಸ್ಸು ಹಿಡಿದು ಹೋದರೆ ಮುಟ್ಟಳ್ಳಿಯಲ್ಲಿ ಭತ್ತದ ನೆಟ್ಟಿ ನಡೆದಿತ್ತು. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಹೆಂಗಸರು, ನಡುವೆ ಸೊಂಟಕ್ಕೆ ಸೀರೆ ಸಿಕ್ಕಿಸಿ ನಿಂತ ಪದ್ದಕ್ಕ. ನನ್ನನ್ನು ಕಂಡದ್ದೇ ಒಬ್ಬಳು ಕೂಗಿದಳು, "ಪದ್ದಕ್ಕಾ, ಕಂಪನಿ ಸಾಹೇಬ್ರು ಬಂದ್ರು, ಕುರ್ಚಿ ಹಾಕು!"

"ಕುರ್ಚಿ ಎಂತಕ್ಕೆ? ಸಸಿ ಸೂಡಿ ಕೊಡು ಕೈಗೆ!" ಎಂದಳು ಪದ್ದಕ್ಕ.

"ಪದ್ದಕ್ಕ, ಅರ್ಜೆಂಟು ಮಾತಿತ್ತು."

"ಸಸಿ ಕಿತ್ತು ಆಗಿದೆ, ಅದು ನಿನ್ನ ಮಾತಿಗೆ ಕಾಯೂದಿಲ್ಲ. ಮಾತು ಆಮೇಲೆ. ಇಳಿ ಕೆಳಗೆ."

ಇಳಿದೆ. ಮಧ್ಯಾಹ್ನವೆಲ್ಲ ಸೂಡಿ ಹೊತ್ತು ಹಂಚಿದೆ. ಹೊಳೆಯವನಿಗೆ ಕೆಸರಲ್ಲಿ ನಡೆಯಲು ಬರುವುದಿಲ್ಲವೆಂದು ಆ ಹೆಂಗಸರು ಎರಡು ಸಲ ನನ್ನನ್ನು ಬೀಳಿಸಿ ನಕ್ಕರು. ಮೇಣಬಟ್ಟೆಯ ಕಟ್ಟು ಗದ್ದೆಯ ಅಂಚಿನಲ್ಲಿ ಮಳೆಗೆ ಹೊದೆಯುವ ಗೊರಬಿನ ಕೆಳಗೆ ಬೆಚ್ಚಗಿತ್ತು. ಕಪ್ಪಾಗುವ ಮುಂಚೆ ಕಾಲು ತೊಳೆದು ಜಗಲಿಗೆ ಕೂತೆವು. ಗಂಜಿ, ಸೆಟ್ಲಿ ಎಂಬ ಸೀಗಡಿಯ ಚಟ್ನಿ ಬಡಿಸಿದಳು. ಎಲ್ಲ ಹೇಳಿದೆ. ಅವಳು ಪೂರಾ ಕೇಳಿ, ತಲೆಯಾಡಿಸಿದಳು.

"ನಾ ಕೊಡೂದಿಲ್ಲ."

"ಕಾನೂನು ಬತ್ತದೆ ಪದ್ದಕ್ಕ."

"ಕಾನೂನು ಬಂತು ಹೇಳಿ ಕುಡಿಯವ್ರು ಬಿಡ್ತ್ರಾ? ನಮ್ಮನೆಯವ್ರಿಗೆ ಡಾಕ್ಟ್ರು ಹೇಳಿದ್ರು, ಬಿಡ್ಲಿಲ್ಲ. ದೇವ್ರ ಮುಂದೆ ಆಣೆ ಹಾಕ್ಸಿದೆ, ಬಿಡ್ಲಿಲ್ಲ. ಕೋಣೆಯೊಳಗೆ ಕೂಡಿ ಚಿಲಕ ಹಾಕ್ದೆ. ಮಾಡಿನ ಹಂಚು ತೆಗ್ದು ಹೋದ್ರು ತಮ್ಮಾ! ಹಂಚು ತೆಗ್ದು ಹೋಗವ್ರನ್ನ ನಿಮ್ಮ ಸರ್ಕಾರ ತಡಿತದಾ? ನಿನ್ನ ಅಪ್ಪ ಬಿಟ್ಟಿದ್ನಾ, ಹೇಳು?"

ಅಪ್ಪ ಬಿಟ್ಟಿರಲಿಲ್ಲ. ಅವಳ ಮಾತು ನನಗೂ ಸರಿ ಅನ್ನಿಸಿತು. ನಾವಿಬ್ಬರೂ ಕುಡುಕರ ಮನೆಯವರು, ಕುಡುಕನ ಹಟ ಎಷ್ಟೆಂದು ನಮಗೆ ಗೊತ್ತಿದ್ದಷ್ಟು ಮುಂಬೈ ದಲಾಲನಿಗೆ ಗೊತ್ತಿರಲು ಸಾಧ್ಯವೇ? ಅವಳ ಗಂಡ ಹಂಚು ತೆಗೆದು ಹೋದದ್ದು ಯಾವ ಅಂಗಡಿಗೆ ಎಂದು ಕೇಳುವುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಆದರೂ ಬೋರಲು ಬಿದ್ದ ದೋಣಿ ಕಣ್ಣಮುಂದೆ ಬಂತು. "ನಂಗೆ ಈಗ ದುಡ್ಡು ಬೇಕಿತ್ತು ಪದ್ದಕ್ಕ," ಎಂದೆ.

"ಎಂತಕ್ಕೆ?"

"ಹೀಂಗೇ."

"ಹೀಂಗೇ ಬೇಕಾದ ದುಡ್ಡು ಮುಂದಿನ ವರ್ಷವೂ ಹೀಂಗೇ ಬೇಕಾತದೆ. ಗಂಜಿ ಕುಡಿ."

ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ದೋಣಿಗೆ ಎಂದರೆ ಅವಳು ಕೂಡಲೇ ಒತ್ತುತ್ತಿದ್ದಳು, ಅದು ನನಗೆ ಆಗಲೇ ಗೊತ್ತಿತ್ತು. ಆದರೆ ಅದು ಬೇಡಿದಂತೆ. ಅವಳ ಲೆಕ್ಕದಲ್ಲಿ ಏರುವ ಷೇರನ್ನು ನನಗೋಸ್ಕರ ಬಿಟ್ಟುಕೊಡು ಎಂದು ಕೇಳಲು ನಾಲಿಗೆ ಏಳಲಿಲ್ಲ. ಗಂಜಿ ಕುಡಿದು ಮಲಗಿದೆ.

ಮರುದಿನ ಕಾಸರಕೋಡಿನಲ್ಲಿ ಭರತಕ್ಕೆ ಕಾಯುತ್ತ ದೋಣಿಯ ಅಂಚಿನ ಮೇಲೆ ಕೂತಿದ್ದೆ. ಮಳೆ ಹೊಳವಾಗಿತ್ತು. ಸುತ್ತ ಯಾರೂ ಇಲ್ಲ. ಕಾಗದ ಬಿಚ್ಚಿದೆ, ಮಸಿಯ ಡಬ್ಬಿ ತೆರೆದೆ. ಪೈರು ಹೇಳಿದ್ದು ಸುಳ್ಳಲ್ಲ, ನೋಡಿದರೆ ನನ್ನ ಹೆಬ್ಬೆಟ್ಟಿಗೂ ಇನ್ನೊಬ್ಬರದಕ್ಕೂ ವ್ಯತ್ಯಾಸ ನನಗೇ ಗೊತ್ತಾಗುವುದಿಲ್ಲ. ಹೊಳೆಯ ಆಚೆ ಬಂದರ ಕಾಣುತ್ತಿತ್ತು, ಆ ದೋಣಿಯ ಬೆನ್ನೂ ಕಾಣುತ್ತಿತ್ತು. ಅಪ್ಪ ನಮ್ಮ ದೋಣಿ ಕಳೆದದ್ದು ಹೆಬ್ಬೆಟ್ಟಿನಿಂದ. ನಾನು ಏಳನೇ ಇಯತ್ತೆಯವರೆಗೆ ಹೋದವನು. ಪರೀಕ್ಷೆ ಪಾಸಾಗದಿದ್ದರೂ ನನ್ನ ಹೆಸರು ನಾನು ಬರೆಯಬಲ್ಲೆ. ಗಣಪತಿ ಅಂಬಿಗ ಹೆಬ್ಬೆಟ್ಟು ಒತ್ತುವವನಲ್ಲ, ತನ್ನದಕ್ಕೂ ಇಲ್ಲ, ಇನ್ನೊಬ್ಬರದಕ್ಕೂ ಇಲ್ಲ. ಡಬ್ಬಿ ಮುಚ್ಚಿ ಹುಟ್ಟು ಹಾಕಿದೆ.

ಪೈರು ಕುಮಟೆಯ ಅಂಗಡಿಯಲ್ಲಿ ಕಾಗದ ಬಿಡಿಸಿದರು. ಖಾಲಿ ಜಾಗ ನೋಡಿದರು. ಅವರದು ಐವತ್ತು ಷೇರು, ನನ್ನದಕ್ಕಿಂತ ದೊಡ್ಡ ಏಟು. ಬಾಯಿಗೆ ಬಂದಂತೆ ಬೈದರು, ಕೊಂಕಣಿಯಲ್ಲಿ ಸ್ವಲ್ಪ, ಕನ್ನಡದಲ್ಲಿ ಬಹಳ. ಆಮೇಲೆ ತಾವೇ ಮಸಿಯ ಡಬ್ಬಿ ತೆರೆದು ತಮ್ಮ ಹೆಬ್ಬೆಟ್ಟನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ನಸ್ಯದಿಂದ ಕಂದಾಗಿದ್ದ ಹೆಬ್ಬೆಟ್ಟು. ಅವರು ಡಬ್ಬಿ ಮುಚ್ಚಿದರು.

"ಚಾ ಕುಡೀತ್ಯೇನೋ?" ಎಂದರು.

ಮುಂದಿನ ವಾರಗಳಲ್ಲಿ ಒಣಗಿಸಿದ ಪೇಪರಿನಲ್ಲಿ ಅಂಕಿ ಒಂಬತ್ತಾಯಿತು, ಆರಾಯಿತು, ಒಂದು ದಿನ ಹೆಸರೇ ಇರಲಿಲ್ಲ. ನನ್ನ ಕಣ್ಣು ತಪ್ಪಿತೆಂದು ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಹುಡುಕಿದರು. ಕುಡಿಯುವವರು ಕುಡಿಯುತ್ತಲೇ ಇದ್ದರು, ಪದ್ದಕ್ಕ ಹೇಳಿದ್ದು ಅಕ್ಷರಶಃ ನಿಜ. ಆದರೆ ಹಂಚು ತೆಗೆದು ಹೋಗುವವರು ಮುಂಬೈಯಲ್ಲೂ ಕಳ್ಳಬಟ್ಟಿಯವನ ಹಿತ್ತಿಲ ಬಾಗಿಲಿಗೇ ಹೋಗುತ್ತಾರೆ, ದೀಪ ಹಾಕಿ ಬೋರ್ಡು ಬರೆಸಿದ ಕಂಪನಿ ಅಂಗಡಿಗಲ್ಲ. ಅಷ್ಟು ನಮಗೆ ತಿಳಿಯಲಿಲ್ಲ.

"ಅದು ಮುಳುಗಲಿ ಅಂತ ನಾನು ದುವಾ ಮಾಡಿದ್ದೆ, ಸುಳ್ಳು ಹೇಳೂದಿಲ್ಲ," ಎಂದರು ಸಾಹೇಬರು. "ಆದರೆ ನೀನು ಮುಳುಗೂದು ಬೇಡ ಅಂತ್ಲೂ ಕೇಳ್ಕೊಂಡಿದ್ದೆ. ಎಷ್ಟು ಹೋಯ್ತು?"

ಆಗ ನನಗೆ ಏನಾಯಿತೋ, ಮೂಲೆಯ ದೋಣಿಯ ಕಡೆ ಕೈ ತೋರಿಸಿ, "ಅಷ್ಟು," ಎಂದುಬಿಟ್ಟೆ. ಅದನ್ನು ಆ ವಾರವೇ ಕಾಸರಕೋಡಿನ ಒಬ್ಬರು ಕೊಂಡುಕೊಂಡಿದ್ದರು, ಎಣ್ಣೆ ಹಚ್ಚುತ್ತಿದ್ದರು. ಸಾಹೇಬರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಸೀರೆ ಗಂಟು ಹೊತ್ತು ಮನೆಮನೆ ತಿರುಗುವವರ ಹೊಟ್ಟೆಯಲ್ಲಿ ಮಾತು ಎಷ್ಟು ದಿನ ನಿಂತೀತು?

ದೀಪಾವಳಿ ಕಳೆದು ಹೊಳೆ ತಿಳಿಯಾಗಿತ್ತು. ಒಂದು ಮಧ್ಯಾಹ್ನ ಪದ್ದಕ್ಕ ಮೂಟೆಯಿಲ್ಲದೆ, ಬರಿಗೈಯಲ್ಲಿ ದೋಣಿ ಹತ್ತಿದಳು. ಹೊಳೆಯ ನಡುವೆ ಬಂದದ್ದೇ ಜನರೆಲ್ಲ ಕೇಳುವಂತೆ ಶುರು ಮಾಡಿದಳು.

"ದೋಣಿಗೆ ಬೇಕಿತ್ತು ಹೇಳೂಕೆ ನಿಂಗೆ ಬಾಯಿ ಇರ್ಲಿಲ್ವನಾ?"

"ಹೋಗ್ಲಿ ಬಿಡು ಪದ್ದಕ್ಕ, ಆದದ್ದಾತು."

"ಎಂತಾ ಆದದ್ದಾತು? ನನ್ನ ಮನೆ ಗಂಜಿ ಕುಡಿದೆ, ನನ್ನ ಗದ್ದೆಯಲ್ಲಿ ಬಿದ್ದೆದ್ದೆ, ಎಂತಕ್ಕೆ ಕೇಳಿದ್ರೆ ಹೀಂಗೇ! ಹೆಬ್ಬೆಟ್ಟು ನೀನೇ ಒತ್ತಬಹುದಿತ್ತಂತೆ. ಪೈರೇ ಹೇಳಿದ್ರು. ಎಂತಕ್ಕೆ ಒತ್ತಲಿಲ್ಲ?"

"ಅದು ನಿನ್ನ ಹೆಬ್ಬೆಟ್ಟು."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ವ್ಯಾಪಾರದ ದನಿಯಲ್ಲಿ ಹೇಳಿದಳು, "ನಮ್ಮ ಹಿತ್ತಲಲ್ಲಿ ಹೆಬ್ಬಲಸಿನ ಮರ ಇತ್ತು. ಎರಡು ಆಳು ತಬ್ಬೂಕಾಗೂದಿಲ್ಲ. ದೋಣಿಗೆ ಕಡಿಸ್ಕೊಂಡು ಹೋಗು."

"ಧರ್ಮಕ್ಕೆ ಬೇಡ."

"ಧರ್ಮಕ್ಕೆ ಯಾರು ಕೊಟ್ರು ನಿಂಗೆ? ನಾನಿರೂವರೆಗೆ ನನ್ನನ್ನೂ ನನ್ನ ಕಾಯಿನೂ ಈ ಹೊಳೆ ದಾಟಸ್ಬೇಕು, ಒಂದು ಕಾಸೂ ಕೇಳೂಕಿಲ್ಲ. ಮೂಟೆ ಒದ್ದೆ ಆದ್ರೆ ಬೈತೆ, ಅದೂ ಸೇರಿ. ಆತಾ?"

ದೋಣಿಯಲ್ಲಿದ್ದವರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಲೆಕ್ಕ ಹಾಕಿದೆ. ಅವಳಿಗೆ ಆಗ ನಲವತ್ತು ದಾಟಿರಬಹುದು, ಗಟ್ಟಿ ಹೆಂಗಸು. ಮರದ ಬೆಲೆಗೆ ದಾಟಿಸುವ ಬಾಡಿಗೆ ಸಾಲದೆ ಹೋಗುವುದಿಲ್ಲ. ವ್ಯವಹಾರ ಸರಿಯಾಗಿದೆ ಎಂದು ಮನಸ್ಸಿಗೆ ಒಪ್ಪಿದ ಮೇಲೆ, "ಆತು," ಎಂದೆ.

ಮರ ಭಟ್ಕಳದ ಬಂದರದಲ್ಲಿ ಹಲಗೆಯಾಯಿತು. ಹಲಗೆಯನ್ನು ಕತ್ತದ ಹುರಿಯಿಂದ ಹೊಲಿಯುವುದು ನಮ್ಮ ಕಡೆಯ ಪದ್ಧತಿ. ಹುರಿ ಪೈರ ಅಂಗಡಿಯದು. ದುಡ್ಡು ಕೊಡಲು ಹೋದರೆ, ಕಂಪನಿ ಮುಚ್ಚುವಾಗ ನಿನ್ನ ಪಾಲಿಗೆ ಬಂದ ಚಿಲ್ಲರೆಯಲ್ಲಿ ಮುರಿದುಕೊಂಡೆ ಎಂದರು. ಆ ಚಿಲ್ಲರೆ ಹುರಿಯ ಅರ್ಧಕ್ಕೂ ಸಾಲದೆಂದು ಲೆಕ್ಕ ಬಲ್ಲ ನನಗೆ ಗೊತ್ತಾಗದೆ ಇರುತ್ತದೆಯೇ? ಉಳಿದದ್ದನ್ನು ಮೂಟೆ ಹೊತ್ತು ತೀರಿಸಿದೆ. ಸಮುದ್ರ ಶಾಂತವಾದ ಒಂದು ಬೆಳಗ್ಗೆ ಹೊಸ ದೋಣಿಯನ್ನು ದಡದ ಪಕ್ಕದಲ್ಲೇ ಹೊನ್ನಾವರಕ್ಕೆ ತಂದೆ. ಪದ್ದಕ್ಕ ಮೊದಲ ದಿನದಿಂದಲೇ ಒಪ್ಪಂದ ಶುರುವೆಂದು ಕಾಯಿ ಮೂಟೆಗಳ ನಡುವೆ ಕೂತು ಬಂದಳು. ದಾರಿಯುದ್ದಕ್ಕೂ ವಾಂತಿ ಮಾಡಿದಳು, ನಡುನಡುವೆ ಬೈದಳು. ಬಂದರದಲ್ಲಿ ಅವ್ವಿ ಕಾಯುತ್ತಿದ್ದಳು. ದೋಣಿಯ ಮೂತಿಯನ್ನು ಕೈಯಲ್ಲಿ ಸವರಿ, ಪದ್ದಕ್ಕನನ್ನು ಇಳಿಸಿಕೊಂಡು, ಮನೆಗೆ ಊಟಕ್ಕೆ ಕರೆದೊಯ್ದಳು.

ಪದ್ದಕ್ಕ ಬಹಳ ವರ್ಷ ದಾಟಿದಳು. ಅವಳು, ಪೈರು, ಸಾಹೇಬರು ಈಗ ಯಾರೂ ಇಲ್ಲ. ಸೇತುವೆ ಬಂದು ಕಡವೂ ನಿಂತಿತು. ನಾನಿದ್ದೇನೆ. ಹೊಳೆಮೀನಿಗೆ ಹೋಗುವ ಎರಡು ದೋಣಿ ಇವೆ, ಹಂಚಿನ ಮನೆ, ಸಿಹಿನೀರಿನ ಬಾವಿ, ಹನ್ನೊಂದು ತೆಂಗು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ಸೊಸೆ. ಎಲ್ಲ ಕಾಗದಪತ್ರಕ್ಕೂ ನನ್ನದೇ ಸಹಿ. ಷೇರು ಒಂದೂ ಇಲ್ಲ.